ತಲೆಕಟ್ಟಿನ ಗುರುತು

ಅಣ್ಣನ ಮಗಳ ಲಗ್ನಪತ್ರಿಕೆ ಅಚ್ಚು ಹಾಕಿಸಲು ಅತ್ತಿಗೆಯ ಜೊತೆ ಪ್ರೆಸ್ಸಿಗೆ ಹೋಗಿದ್ದೆ. ಕಾರ್ಡಿನ ಬಣ್ಣ, ಗಣಪತಿಯ ಚಿತ್ರ, ಅರಿಶಿನ ಕುಂಕುಮ ಹಚ್ಚಲು ಮೂಲೆಯಲ್ಲಿ ಬಿಡಬೇಕಾದ ಜಾಗ ಎಲ್ಲವೂ ಕಾಲು ಗಂಟೆಯಲ್ಲಿ ತೀರ್ಮಾನವಾಯಿತು. ಅಕ್ಷರದ ಮಾತು ಬಂದಾಗ ಮಾತ್ರ ಗಾಡಿ ನಿಂತಿತು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ, "ಅಮ್ಮಾ, ದುಂಡಗಿರೋದು ಹಾಕ್ಲಾ, ಉದ್ದುದ್ದ ಇರೋದಾ, ಇಲ್ಲಾ ಡಿಸೈನ್ ಇರೋದಾ?" ಎಂದ. ಅತ್ತಿಗೆ ಒಂದು ಗಳಿಗೆ ಯೋಚಿಸಿ, "ಹಳೇ ಪುಸ್ತಕದಲ್ಲಿ ಇರುತ್ತಲ್ಲಪ್ಪ, ಆ ಥರ. ನೋಡಿದ್ರೆ ಮದುವೆಗೆ ಕರೆದಂಗಿರ್ಬೇಕು, ಅಂಗಡಿ ಓಪನಿಂಗಿಗೆ ಕರೆದಂಗಲ್ಲ" ಎಂದರು. "ಹಂಗಾದ್ರೆ ದಪ್ಪ-ಸಣ್ಣ ಇರೋದು" ಎನ್ನುತ್ತಾ ಹುಡುಗ ಮೂರು ಮಾದರಿ ತೆರೆದಿಟ್ಟ. ಅತ್ತಿಗೆ ಮನಸ್ಸಿನಲ್ಲಿದ್ದದ್ದು ಎರಡನೆಯದು.

ಅವನು ಬಳಸಿದ ಆ ಜೋಡಿಪದ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ದಪ್ಪ-ಸಣ್ಣ. ಒಂದೇ ಗೆರೆ ಒಂದು ಕಡೆ ತುಂಬಿಕೊಂಡು, ಇನ್ನೊಂದು ಕಡೆ ಕೂದಲೆಳೆಯಂತೆ ತೆಳುವಾಗಿ ಹರಿಯುವುದು. ಅಚ್ಚಿನ ಅಕ್ಷರಗಳನ್ನು ವಿಂಗಡಿಸಲು ಕೂತ ಯುರೋಪಿನ ಪಂಡಿತರು ಮೊದಲು ಕಣ್ಣಿಟ್ಟದ್ದೂ ಇಂಥದೇ ಗುರುತುಗಳ ಮೇಲೆ. ಅವರು ಅದಕ್ಕೆ ದೊಡ್ಡ ದೊಡ್ಡ ಹೆಸರಿಟ್ಟರು. ನಮ್ಮ ಹುಡುಗ ಹೆಸರಿಡದೆಯೇ ಕೆಲಸ ಮುಗಿಸಿದ.

ಆ ಪ್ರೆಸ್ಸಿನ ಮಾಲೀಕರ ತಂದೆ ಮೊಳೆ ಜೋಡಿಸುತ್ತಿದ್ದವರು. ಅವರ ನೆನಪಿಗೆಂದು ಗಾಜಿನ ಕಪಾಟಿನಲ್ಲಿ ಒಂದು ಬಟ್ಟಲು ಮೊಳೆ ಇಟ್ಟಿದ್ದಾರೆ. ಕೇಳಿ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡೆ. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಪುಟ್ಟ ಕಂಬ. ಅದರ ನೆತ್ತಿಯ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂತ ಒಂದು 'ತ'. ಇಂಗ್ಲಿಷಿನವರ 'ಟೈಪ್' ಎಂಬ ಪದಕ್ಕೆ ನಮ್ಮ ಹಿಂದಿನವರು 'ಅಚ್ಚುಮೊಳೆ' ಎಂದರಲ್ಲ, ಅದಕ್ಕಿಂತ ಚಂದದ ಪದ ಯಾವ ನಿಘಂಟು ಸಮಿತಿಗೂ ಹೊಳೆಯುತ್ತಿರಲಿಲ್ಲ.

ಈ ಕಂಬವನ್ನು ಒಮ್ಮೆ ಮುಟ್ಟಿದರೆ ಪಾಯಿಂಟ್ ಎಂಬ ಅಳತೆಯ ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಇಂದಿನ ಲೆಕ್ಕದಲ್ಲಿ ಇಂಚಿಗೆ 72 ಪಾಯಿಂಟ್. ಆದರೆ 12 ಪಾಯಿಂಟ್ ಎಂದರೆ ಕಂಬದ ಮೈಯ ಅಳತೆಯೇ ಹೊರತು ನೆತ್ತಿಯ ಮೇಲಿನ ಅಕ್ಷರದ್ದಲ್ಲ. ಅಷ್ಟೇ ಜಾಗದಲ್ಲಿ ಅಕ್ಷರ ಕಾಲು ಚಾಚಿಯೂ ಕೂರಬಹುದು, ಮುದುಡಿಯೂ ಕೂರಬಹುದು. ಸೀಸ ಹೋಗಿ ದಶಕಗಳಾದವು. ಕಂಪ್ಯೂಟರಿನೊಳಗೆ ಕಣ್ಣಿಗೆ ಕಾಣದ ಆ ಕಂಬ ಮಾತ್ರ ಹಾಗೇ ನಿಂತಿದೆ. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ 'ತುಂಗಾ' ಅಕ್ಷರವನ್ನು ಬಳಸಿದವರಿಗೆ ಇದು ಗೊತ್ತು. 12 ಪಾಯಿಂಟಿನ ಇಂಗ್ಲಿಷ್ ಪಕ್ಕದಲ್ಲಿ 12 ಪಾಯಿಂಟಿನ ತುಂಗಾ ಇಟ್ಟರೆ ಕನ್ನಡ ಇರುವೆ ಸಾಲಿನಂತೆ ಕಾಣುತ್ತಿತ್ತು. ಮೇಲೆ ಗುಡಿಸಿಗೆ, ಕೆಳಗೆ ಒತ್ತಿಗೆ ಜಾಗ ಬಿಟ್ಟಮೇಲೆ ನಡುವಿನ ಅಕ್ಷರಕ್ಕೆ ಉಳಿಯುವುದು ಅಷ್ಟೇ.

ಇನ್ನು ಅಕ್ಷರಶೈಲಿ ಬೇರೆ, ಫಾಂಟ್ ಬೇರೆ ಎಂಬ ಜಗಳವೊಂದಿದೆ. ಮೊಳೆಯ ಕಾಲದಲ್ಲಿ ಒಂದು ಶೈಲಿಯ, ಒಂದು ಅಳತೆಯ, ಒಂದು ದಪ್ಪದ ಪೂರ್ತಿ ಸೆಟ್ಟಿಗೆ ಫಾಂಟ್ ಎನ್ನುತ್ತಿದ್ದರು. ಈಗ ಎಲ್ಲಕ್ಕೂ ಫಾಂಟ್ ಎನ್ನುತ್ತೇವೆ. ನಾನು ಆ ಜಗಳ ಬಿಟ್ಟು ಬಹಳ ದಿನವಾಯಿತು.

ಲೇಖನಿ ಬಿಟ್ಟುಹೋದ ಗುರುತು

ಯುರೋಪಿನಲ್ಲಿ ಅಚ್ಚಕ್ಷರಗಳ ವಿಂಗಡಣೆಯನ್ನು ವಿದ್ಯಾರ್ಥಿಗಳಿಗೆ ಪಟ್ಟಿಯಾಗಿ ಕಲಿಸುತ್ತಾರೆ. ಪಟ್ಟಿಯಾಗಿ ಕಲಿತರೆ ಪರೀಕ್ಷೆ ಮುಗಿದ ಮಾರನೆಯ ದಿನ ಮರೆತುಹೋಗುತ್ತದೆ. ಪ್ರತಿ ಶೈಲಿಯ ಹಿಂದೆಯೂ ಯಾವ ಕೈ, ಯಾವ ಉಪಕರಣ ಇತ್ತು ಎಂದು ಕೇಳಿಕೊಂಡರೆ ಮರೆಯುವುದು ಕಷ್ಟ.

ಗುಟೆನ್‌ಬರ್ಗ್ 1450ರ ದಶಕದಲ್ಲಿ ಬೈಬಲ್ ಅಚ್ಚು ಹಾಕಿದಾಗ ಜರ್ಮನಿಯ ಮಠಗಳಲ್ಲಿ ನಕಲು ಬರೆಯುತ್ತಿದ್ದವರ ಗಟ್ಟಿ, ಮೂಲೆಮೂಲೆಯ ಕಪ್ಪು ಬರವಣಿಗೆಯನ್ನೇ ಸೀಸಕ್ಕೆ ಇಳಿಸಿದ. ಹೊಸ ಯಂತ್ರ, ಹಳೆಯ ಅಕ್ಷರ. ಇಟಲಿಯ ವಿದ್ವಾಂಸರಿಗೆ ಅದು ರುಚಿಸಲಿಲ್ಲ. ಅವರು ಅಗಲ ಮೊನೆಯ ಲೇಖನಿಯನ್ನು ಓರೆಯಾಗಿ ಹಿಡಿದು ತಿಳಿಯಾಗಿ, ದುಂಡಗೆ ಬರೆಯುತ್ತಿದ್ದರು. ವೆನಿಸ್‌ನಲ್ಲಿ ನಿಕೊಲಾ ಜೆನ್ಸನ್ 1470ರಲ್ಲಿ ಕೊರೆದ ಅಕ್ಷರ ಆ ಬರಹದ ಮಗು. ಅದರ 'ಓ' ನೋಡಿ: ದಪ್ಪ ಭಾಗ ನೇರ ಎಡಬಲಕ್ಕಿಲ್ಲ, ಸ್ವಲ್ಪ ವಾಲಿದೆ. ಲೇಖನಿ ಹಿಡಿದ ಕೈಯ ಓರೆ ಲೋಹದಲ್ಲೂ ಉಳಿದಿದೆ. ಅದೇ ವೆನಿಸ್‌ನಲ್ಲಿ ಆಲ್ಡಸ್ ಮನೂಷಿಯಸ್ ಎಂಬ ಮುದ್ರಕನಿಗಾಗಿ ಫ್ರಾನ್ಸೆಸ್ಕೊ ಗ್ರಿಫೊ ಎಂಬ ಅಕ್ಕಸಾಲಿಗ ಕೊರೆದ ಓಡುಬರಹದ ಅಕ್ಷರದಲ್ಲಿ 1501ರಲ್ಲಿ ವರ್ಜಿಲ್ ಕವಿಯ ಪುಸ್ತಕ ಬಂತು. ನಾವು ಇಟಾಲಿಕ್ ಎನ್ನುವುದು ಅದನ್ನೇ. ಓರೆ ಮಾಡಿದ ಅಕ್ಷರವೆಲ್ಲ ಇಟಾಲಿಕ್ ಅಲ್ಲ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಕನ್ನಡದ ಅಕ್ಷರಗಳನ್ನು ಬಲಕ್ಕೆ ತಳ್ಳುತ್ತೇವಲ್ಲ, ಅದು ಗಾಳಿಗೆ ವಾಲಿದ ಬೇಲಿ, ಅಷ್ಟೆ.

ಹದಿನೆಂಟನೆಯ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ ಬಂದ. ಮೊದಲು ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದವ, ಗೋರಿಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿದ್ದವ. 1757ರಲ್ಲಿ ಅವನೂ ವರ್ಜಿಲ್‌ನ ಪುಸ್ತಕವನ್ನೇ ಅಚ್ಚು ಹಾಕಿ ತೋರಿಸಿದ. ಅದರಲ್ಲಿ ಓರೆ ನೆಟ್ಟಗಾಗುತ್ತಾ ಬಂದಿತ್ತು, ದಪ್ಪಕ್ಕೂ ತೆಳುವಿಗೂ ಅಂತರ ಹೆಚ್ಚಿತ್ತು. ಮುಂದೆ ಪಾರ್ಮಾದ ಬೊಡೊನಿ, ಪ್ಯಾರಿಸ್‌ನ ದಿದೊ ಮನೆತನದವರು ಆ ಅಂತರವನ್ನು ಕೊನೆ ಮುಟ್ಟಿಸಿದರು: ನಿಂತ ಗೆರೆ ಕಂಬ, ಅಡ್ಡಗೆರೆ ನೂಲು. ನೋಡಲು ರೇಷ್ಮೆ ಸೀರೆಯ ಗತ್ತು. ಓದಲು ಕಣ್ಣು ಚುಚ್ಚುತ್ತದೆ. ಫ್ಯಾಷನ್ ಪತ್ರಿಕೆಗಳು ಇವತ್ತಿಗೂ ಆ ಅಕ್ಷರವನ್ನು ಬಿಟ್ಟಿಲ್ಲ.

ಆಮೇಲೆ ಬೀದಿಯ ಸರದಿ. ಕೈಗಾರಿಕೆ ಬೆಳೆದ ಇಂಗ್ಲೆಂಡಿನಲ್ಲಿ ಗೋಡೆ ತುಂಬ ಜಾಹೀರಾತು. ದೂರದಿಂದ ಕೂಗಿ ಕರೆಯಬಲ್ಲ ಅಕ್ಷರ ಬೇಕಾಯಿತು. ಇಟ್ಟಿಗೆಯಂಥ ದಪ್ಪ ಪಾದದ ಅಕ್ಷರಗಳು ಬಂದವು. 1816ರಲ್ಲಿ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ತನ್ನ ಮಾದರಿ ಪುಸ್ತಕದಲ್ಲಿ ಪಾದವೇ ಇಲ್ಲದ ಒಂದು ಅಕ್ಷರದ ಒಂದೇ ಸಾಲು ಅಚ್ಚು ಹಾಕಿದ. 1927ರ ಫ್ಯೂಚುರಾ, 1957ರ ಹೆಲ್ವೆಟಿಕಾ, ನಿಮ್ಮ ಮೊಬೈಲಿನ ಪರದೆಯ ಮೇಲಿನ ಇಂಗ್ಲಿಷ್ ಎಲ್ಲವೂ ಆ ಒಂದು ಸಾಲಿನ ಸಂತಾನ.

ಪಾದ ಎಂದೆ. ಸೆರಿಫ್ ಎಂದರೆ ಅದೇ, ಗೆರೆಯ ತುದಿಯಲ್ಲಿ ಚಾಚಿಕೊಂಡ ಪುಟ್ಟ ಮೊನೆ. ರೋಮನ್ನರು ಕಲ್ಲಿನಲ್ಲಿ ಉಳಿಯಿಂದ ಕೆತ್ತುವಾಗ ಗೆರೆಯ ಕೊನೆಯನ್ನು ಚೊಕ್ಕ ಮಾಡಲು ಅದು ಹುಟ್ಟಿತೆಂದು ಬಹುಕಾಲ ನಂಬಿದ್ದರು. ಸ್ವತಃ ಬೋರ್ಡ್ ಬರೆದು, ಕಲ್ಲೂ ಕೆತ್ತಿ ಪಳಗಿದ್ದ ಎಡ್ವರ್ಡ್ ಕ್ಯಾಟಿಚ್ ಎಂಬ ಅಮೆರಿಕದ ಪಾದ್ರಿ 1968ರ ಪುಸ್ತಕವೊಂದರಲ್ಲಿ ಬೇರೆ ಮಾತು ಹೇಳಿದರು: ಕೆತ್ತುವ ಮೊದಲು ಚಪ್ಪಟೆ ಕುಂಚದಿಂದ ಕಲ್ಲಿನ ಮೇಲೆ ಬರೆದುಕೊಳ್ಳುತ್ತಿದ್ದರು, ಕುಂಚವನ್ನು ಎತ್ತುವಾಗ ತಿರುಗಿಸಿದ ಗುರುತೇ ಆ ಪಾದ. ಕುಂಚ ಹಿಡಿದ ಕೈಗೆ ಮಾತ್ರ ಹೊಳೆಯುವ ಮಾತು ಅದು.

ಇಷ್ಟನ್ನೂ ಒಂದು ಚೌಕಟ್ಟಿಗೆ ತಂದವನು ಫ್ರಾನ್ಸಿನ ಮ್ಯಾಕ್ಸಿಮಿಲಿಯನ್ ವಾಕ್ಸ್, 1954ರಲ್ಲಿ. ಅಂತರರಾಷ್ಟ್ರೀಯ ಅಕ್ಷರ ವಿನ್ಯಾಸಕಾರರ ಸಂಘ ಅದನ್ನು 1962ರಲ್ಲಿ ಒಪ್ಪಿಕೊಂಡಿತು. ಪ್ಯಾರಿಸ್‌ನ ಅಕ್ಷರಕಾರ ಗರಾಮಾಂಡ್, ವೆನಿಸ್‌ನ ಆಲ್ಡಸ್ ಸೇರಿ 'ಗರಾಲ್ಡ್'. ದಿದೊ, ಬೊಡೊನಿ ಸೇರಿ 'ದಿದೋನ್'. ಹೆಸರು ಕಟ್ಟುವುದರಲ್ಲಿ ವಾಕ್ಸ್ ರಸಿಕ. ರೋಮನ್ ಲಿಪಿಗೆ ಹೀಗೆ ಖಾನೆಯ ಮೇಲೆ ಖಾನೆ ಕೊಟ್ಟ ಆ ವ್ಯವಸ್ಥೆಯಲ್ಲಿ ಜಗತ್ತಿನ ಉಳಿದೆಲ್ಲ ಲಿಪಿಗಳಿಗೆ ಸಿಕ್ಕಿದ್ದು ಒಂದೇ ಖಾನೆ. ಕನ್ನಡ, ಅರಬ್ಬಿ, ಚೀನಿ, ದೇವನಾಗರಿ ಎಲ್ಲವೂ 'ಲ್ಯಾಟಿನ್ ಅಲ್ಲದ್ದು' ಎಂಬ ಒಂದೇ ಗೋಣಿಚೀಲದಲ್ಲಿ. 2021ರಲ್ಲಿ ಅದೇ ಸಂಘ ತಾನು ಒಪ್ಪಿದ್ದ ಆ ವಿಂಗಡಣೆಯನ್ನು ಕೈಬಿಟ್ಟಿತು. 59 ವರ್ಷ ಹಿಡಿಯಿತು.

ಕನ್ನಡದ ಪಾದ ಎಲ್ಲಿದೆ?

ಗೂಗಲ್‌ನ ನೋಟೋ ಕುಟುಂಬದಲ್ಲಿ 'ನೋಟೋ ಸೆರಿಫ್ ಕನ್ನಡ' ಎಂಬ ಅಕ್ಷರವಿದೆ. ಒಳ್ಳೆಯ ಅಕ್ಷರವೇ. ಆದರೆ ಭೂತಕನ್ನಡಿ ಹಿಡಿದು ಹುಡುಕಿದರೂ ರೋಮನ್ ಲಿಪಿಯಂಥ ಪಾದ ಅದರಲ್ಲಿ ಸಿಗುವುದಿಲ್ಲ. ಸಿಗುವುದಾದರೂ ಹೇಗೆ, ನಮ್ಮ ಅಕ್ಷರಗಳಿಗೆ ನಿಲ್ಲಲು ಕಾಲೇ ಇಲ್ಲ. ಅವು ಹೊಟ್ಟೆಯ ಮೇಲೆ ಕೂರುತ್ತವೆ. ಇಲ್ಲಿ ಸೆರಿಫ್ ಎಂದರೆ ನಮ್ಮ ಪ್ರೆಸ್ಸಿನ ಹುಡುಗ ಹೇಳಿದ ದಪ್ಪ-ಸಣ್ಣ, ಬೇರೇನೂ ಅಲ್ಲ. ನೋಟೋ ಸ್ಯಾನ್ಸ್ ಎಂದರೆ ದಪ್ಪ-ಸಣ್ಣ ಹೆಚ್ಚಿಲ್ಲದ್ದು. ಪಕ್ಕದ ಇಂಗ್ಲಿಷಿಗೆ ಜೋಡಿಯಾಗಲೆಂದು ಇಟ್ಟ ಹೆಸರು ಅದು. ಹೆಣ್ಣಿನ ಮನೆಯವರ ಹೆಸರಲ್ಲ, ಗಂಡಿನ ಮನೆಯವರು ಇಟ್ಟ ಹೆಸರು.

ಹಾಗಾದರೆ ಕನ್ನಡದ ಅಕ್ಷರವನ್ನು ಯಾವ ಗುರುತಿನಿಂದ ಹಿಡಿಯಬೇಕು? ನನ್ನ ಉತ್ತರ ಒಂದನೇ ತರಗತಿಯ ಬಳ್ಳಿಯಲ್ಲೇ ಇದೆ. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ಹಿಂದಿನ ಮೇಷ್ಟ್ರುಗಳು ಅಕ್ಷರದ ಅಂಗಾಂಗಕ್ಕೆಲ್ಲ ಹೆಸರಿಟ್ಟು ಕೊಟ್ಟಿದ್ದಾರೆ: ಕೊಂಬು, ಏತ್ವ, ವಟ್ರಸುಳಿ, ಅರ್ಕಾವತ್ತು. 'ಹೊಟ್ಟೆ ಸೀಳಿದ ಷ' ಎಂಬ ಮಾತಿನಲ್ಲಿರುವಷ್ಟು ಅಕ್ಷರಜ್ಞಾನ ಯಾವ ವಿನ್ಯಾಸದ ಪಠ್ಯದಲ್ಲಿದೆ? ಇವುಗಳಲ್ಲಿ ಮೊದಲು ನೋಡಬೇಕಾದ್ದು ತಲೆಕಟ್ಟು. ಅಕ್ಷರದ ನೆತ್ತಿಯಲ್ಲಿ ಅಡ್ಡವಾಗಿ ಸಾಗಿ ಬಲತುದಿಯಲ್ಲಿ ಕೊಕ್ಕೆಯಾಗುವ ಆ ಗೆರೆ ಬಹುಪಾಲು ಅಕ್ಷರಗಳ ಮೇಲೆ ಮರಳಿ ಮರಳಿ ಬರುವುದರಿಂದ ಪುಟದ ಬಣ್ಣವನ್ನೇ ಅದು ನಿರ್ಧರಿಸುತ್ತದೆ. ತೆಲುಗಿನಿಂದ ಕನ್ನಡವನ್ನು ದೂರದಿಂದಲೇ ಬೇರೆ ಮಾಡುವುದೂ ಅದೇ. ಅವರ ತಲೆಕಟ್ಟು ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ, ನಮ್ಮದು ಅಡ್ಡ ಮಲಗುತ್ತದೆ. ಕೊಕ್ಕೆ ಪೂರ್ತಿ ಸುತ್ತಿಕೊಂಡಿದೆಯೋ, ಬರಿಯ ಬಾಗಿದೆಯೋ, ಕತ್ತರಿಸಿದಂತೆ ನಿಂತುಬಿಟ್ಟಿದೆಯೋ ನೋಡಿದರೆ ಅಕ್ಷರ ಯಾವ ಕಾಲದ್ದು, ಯಾವ ಕೆಲಸಕ್ಕೆ ಹುಟ್ಟಿದ್ದು ಎಂಬುದು ಅರ್ಧ ತಿಳಿದಂತೆ.

ಉಳಿದರ್ಧ ಉಪಕರಣದ್ದು. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಬರೆಯುವುದೆಂದರೆ ಗೀರುವುದು. ಆಮೇಲೆ ಮಸಿ ಸವರಿದರೆ ಗೀರು ಕಾಣುತ್ತದೆ. ಕಂಠದ ಮೊನೆ ಎತ್ತ ತಿರುಗಿದರೂ ಗೆರೆ ಒಂದೇ ದಪ್ಪ. ಗರಿಯ ನಾರಿನ ಜಾಡಿನಲ್ಲಿ ನೇರ ಗೆರೆ ಎಳೆದರೆ ಸೀಳುತ್ತದೆ, ಆದ್ದರಿಂದಲೇ ನಮ್ಮ ಅಕ್ಷರ ದುಂಡಗಾಯಿತು ಎಂದು ಎಲ್ಲರೂ ಹೇಳುತ್ತಾರೆ. ದುಂಡುತನದ ಶ್ರೇಯವನ್ನೆಲ್ಲ ಗರಿಗೇ ಕಟ್ಟುವುದು ನನಗಿಷ್ಟವಿಲ್ಲ, ಆದರೆ ಗೆರೆಯ ಸಮದಪ್ಪ ಮಾತ್ರ ಕಂಠದ ಕೊಡುಗೆ. ಲೆಕ್ಕಣಿಕೆ, ಅಂದರೆ ಸೀಳಿದ ಮೊನೆಯ ಬರೆಯುವ ಕಡ್ಡಿ, ಕಾಗದದ ಮೇಲೆ ಓಡಿದಾಗ ದಪ್ಪ-ಸಣ್ಣ ಬಂತು. ಇವೆರಡರ ನಡುವೆ ಕಡತವಿತ್ತು: ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಕಪ್ಪಾಗಿಸಿದ ಬಟ್ಟೆ, ಅದರ ಮೇಲೆ ಬಳಪದ ಬಿಳಿ ಬರಹ. ಈಗ ಸರ್ಕಾರಿ ಕಚೇರಿಯಲ್ಲಿ ಕಡತ ಅಲುಗಾಡುವುದಿಲ್ಲ ಎಂದು ಗೊಣಗುವಾಗ ಅದು ಒಂದು ಕಾಲದಲ್ಲಿ ಮಡಚುವ ಬಟ್ಟೆಯಾಗಿತ್ತೆಂಬುದು ನೆನಪಾಗುವುದಿಲ್ಲ. ಕೊನೆಗೆ ಬಂದದ್ದು ಬೋರ್ಡ್ ಬರೆಯುವವರ ಬ್ರಷ್. ಬಸ್ಸಿನ ಹಲಗೆ, ಗೋಡೆಬರಹ, ಸಿನಿಮಾ ಪೋಸ್ಟರ್. ಹುಡುಗ 'ಡಿಸೈನ್ ಇರೋದು' ಎಂದ ಅಕ್ಷರಗಳ ತವರು ಅಲ್ಲಿದೆ.

ಕಂಠದ್ದು, ಲೆಕ್ಕಣಿಕೆಯದ್ದು, ಬ್ರಷ್ಷಿನದ್ದು. ಇವತ್ತಿನ ಕನ್ನಡ ಫಾಂಟುಗಳನ್ನು ಹೀಗೆ ಇಟ್ಟುನೋಡಿ. ಏಕ್ ಟೈಪ್ ಸಂಸ್ಥೆ 2022ರಲ್ಲಿ ಒಂಬತ್ತು ಭಾರತೀಯ ಲಿಪಿಗಳಿಗೂ ಲ್ಯಾಟಿನ್‌ಗೂ ಸೇರಿಸಿ ಹೊರತಂದ 'ಅನೇಕ್' ಕಂಠದ ಕಡೆಯದು, ಪರದೆಗೆ ಹೇಳಿ ಮಾಡಿಸಿದ್ದು. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ನಡೆದ ಕೆಲಸದಿಂದ ಬೆಳೆದುಬಂದ 'ಟೀರೋ ಕನ್ನಡ' ಲೆಕ್ಕಣಿಕೆಯ ಕಡೆಯದು, ಕಾವ್ಯ ಓದಲು ಹಿತ. ಅದೇ ಏಕ್ ಟೈಪಿನ 'ಬಲೂ ತಮ್ಮ' ಉಬ್ಬಿದ ಕೆನ್ನೆಯ ಬ್ರಷ್ಷಿನ ಕೂಸು. ಅಂಗಡಿಯ ಹಲಗೆಗೆ ಸೈ, ಎರಡು ಪ್ಯಾರಾ ಅದರಲ್ಲಿ ಹಾಕಿದರೆ ಓದುಗನಿಗೆ ಅಜೀರ್ಣ.

ಬಿಡಿಸಿ ಜೋಡಿಸಿದ ಅಕ್ಷರ

ಕನ್ನಡ ಮೊಳೆಯ ಕಥೆ ಶುರುವಾಗುವುದು ಕನ್ನಡನಾಡಿನಲ್ಲಲ್ಲ, ಬಂಗಾಳದ ಶ್ರೀರಾಮಪುರದಲ್ಲಿ. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಲ್ಲಿಂದ ಬಂತು. ನಮ್ಮ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದಾಗ ಅದು ಮೊಳೆ ಜೋಡಿಸಿದ್ದಲ್ಲ, ಕಲ್ಲಚ್ಚು. ಜಿಡ್ಡಿನ ಮಸಿಯಲ್ಲಿ ಕೈಯಿಂದಲೇ ಬರೆದದ್ದನ್ನು ಕಲ್ಲಿನಿಂದ ಕಾಗದಕ್ಕೆ ಎತ್ತುವ ವಿಧಾನ. ಅಂದರೆ ಕನ್ನಡದ ಮೊದಲ ಪತ್ರಿಕೆಯ ಓದುಗರು ಓದಿದ್ದು ಯಾರದೋ ಕೈಬರಹವನ್ನು. ಮರುವರ್ಷ ಅದು ಬಳ್ಳಾರಿಗೆ ಹೋಗಿ, ಹೆಸರು ಬದಲಿಸಿಕೊಂಡು ಮೊಳೆಗೆ ಏರಿತು. ಅರ್ಧ ಶತಮಾನದ ನಂತರ, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತು. ಅದರ ಒಂದು ಪುಟ ತೆರೆದು ನೋಡಿ: ಕನ್ನಡ ಪದ, ಅದರ ಪಕ್ಕ ರೋಮನ್ ಲಿಪಿಯಲ್ಲಿ ಉಚ್ಚಾರ, ಮುಂದೆ ಇಂಗ್ಲಿಷ್ ಅರ್ಥ. ಎರಡು ಲಿಪಿಯೂ ಒಂದೇ ಸಾಲಿನಲ್ಲಿ ಹೆಗಲು ತಾಗಿಸಿ ನಿಂತಿವೆ, ಒಂದು ಇನ್ನೊಂದರ ಕಾಲು ತುಳಿದಿಲ್ಲ. ಕಂಪ್ಯೂಟರ್ ಇಲ್ಲದ ಆ ಕಂಪೋಸಿಟರುಗಳಿಗೆ ಯಾರೂ ಶಾಲು ಹೊದಿಸಿದಂತಿಲ್ಲ.

ಅವರ ಕಷ್ಟಕ್ಕೆ ಒಂದು ಲೆಕ್ಕವಿದೆ. ಇಂಗ್ಲಿಷಿನವರಿಗೆ 26 ದೊಡ್ಡ, 26 ಸಣ್ಣ ಅಕ್ಷರ; ಮೇಲಿನ ಕೇಸು, ಕೆಳಗಿನ ಕೇಸು, ಕೆಲಸ ಮುಗಿಯಿತು. ನಮ್ಮಲ್ಲಿ 34 ವ್ಯಂಜನಕ್ಕೆ 13 ಸ್ವರ ಸೇರಿದರೆ ಗುಣಿತಾಕ್ಷರವೇ 442. ಪ್ರತಿ ವ್ಯಂಜನಕ್ಕೂ ಪ್ರತಿ ಒತ್ತು ಎಂದರೆ ಇನ್ನೊಂದು 1,156. ಇಷ್ಟಕ್ಕೂ ಒಂದೊಂದು ಮೊಳೆ ಎರೆದರೆ ಕಂಪೋಸಿಟರ್ ಸೈಕಲ್ ಮೇಲೆ ಓಡಾಡಬೇಕು. ಹಾಗಾಗಿ ಅಕ್ಷರವನ್ನು ಬಿಡಿಸಿದರು. ಒತ್ತು ಬೇರೆ, ಇಳಿ ಬೇರೆ, ದೀರ್ಘ ಬೇರೆ. ಬೇಕಾದಾಗ ಜೋಡಿಸುವುದು.

ಈ ಬಿಡಿಸುವಿಕೆ ಸೀಸದ ಜೊತೆಗೇ ಸಾಯಲಿಲ್ಲ ಎಂಬುದಕ್ಕೆ ನಮ್ಮೆಲ್ಲರ ಇನ್‌ಬಾಕ್ಸಿನಲ್ಲೇ ಸಾಕ್ಷಿಯಿದೆ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಬರೆದ ಹಳೆಯ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವಿಚಿತ್ರ ಚಿಹ್ನೆಗಳು ಕಾಣುತ್ತವಲ್ಲ, ಅದನ್ನು ಕಸವೆಂದು ಮುಚ್ಚುವ ಮೊದಲು ಒಮ್ಮೆ ದಿಟ್ಟಿಸಿ. 'ಕನ್ನಡ' ಎಂಬ ಪದ ಅಲ್ಲಿ ಏಳು ಚಿಹ್ನೆ. ಪಿ ಅಕ್ಷರ, ಪೌಂಡ್ ಗುರುತು, ಜರ್ಮನ್ನರ ಒಂದು ಅಕ್ಷರ, ಕ್ಯೂ; ಇವುಗಳ ಜೊತೆ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷಿನ 'ಎ' ಮೂರು ಸಲ. ಆ 'ಎ' ಯಾರು? ತಲೆಕಟ್ಟು! ಪಿ ಎಂದರೆ ತಲೆಕಟ್ಟಿಲ್ಲದ ಬೋಳು ಕ, ಪೌಂಡ್ ಎಂದರೆ ಬೋಳು ನ, ಕ್ಯೂ ಬೋಳು ಡ. ಜರ್ಮನ್ ಅಕ್ಷರ ನ-ಒತ್ತು. ಕಂಪೋಸಿಟರ್ ಬೆರಳಿನಿಂದ ಮಾಡುತ್ತಿದ್ದ ಕೆಲಸವನ್ನೇ ಕಂಪ್ಯೂಟರ್ ಮಾಡುತ್ತಿತ್ತು. ಯೂನಿಕೋಡ್ ಈ ರೂಢಿಯನ್ನು ಮುರಿಯಿತು. ಅದರಲ್ಲಿ ಅದೇ ಪದಕ್ಕೆ ಐದು ಸಂಕೇತ: ಕ, ನ, ಹಲಂತ, ನ, ಡ. ಬರೆಯುವುದು ಉಚ್ಚಾರದ ಲೆಕ್ಕದಲ್ಲಿ. ತಲೆಕಟ್ಟು ಎಲ್ಲಿ, ಒತ್ತು ಎಲ್ಲಿ ಎಂಬ ಹೊರೆ ಫಾಂಟಿನ ಮೇಲೆ. ಮೊಳೆಯ ತರ್ಕದಿಂದ ಅಕ್ಷರ ವಿನ್ಯಾಸಕನಿಗೆ ಬಿಡುಗಡೆ ಸಿಕ್ಕಿದ್ದು ಆಗ. ತಲೆಕಟ್ಟು ಪ್ರತಿ ಅಕ್ಷರದ ಮೇಲೂ ಅದರ ಮೈಗೆ ತಕ್ಕಂತೆ ಬಾಗಬಹುದು; ಒಂದೇ ಅಳತೆಯ ಟೊಪ್ಪಿಯನ್ನು ಎಲ್ಲರ ತಲೆಗೂ ಇಡಬೇಕಿಲ್ಲ.

ವಿಂಗಡಣೆ ಗೊತ್ತಿದ್ದು ಆಗುವ ಉಪಯೋಗವೇನು ಎಂದು ಕೇಳುವವರಿಗೆ ನಮ್ಮ ಮನೆಯದೇ ಒಂದು ಉದಾಹರಣೆ ಕೊಡುತ್ತೇನೆ. ಬಹಳ ಹಿಂದೆ ಬಂಧುವೊಬ್ಬರ ಗೃಹಪ್ರವೇಶದ ಕಾರ್ಡನ್ನು ತೀರಾ ದಪ್ಪ ಅಕ್ಷರದಲ್ಲಿ, ಸಣ್ಣ ಅಳತೆಯಲ್ಲಿ ಅಚ್ಚು ಹಾಕಿಸಿದ್ದರು. ಮನೆಯ ಹೆಸರು 'ಧನಲಕ್ಷ್ಮಿ'. ಮಸಿ ಹರಡಿ ಧ ಅಕ್ಷರದ ಬುಡದ ಸೀಳುಗೆರೆ ಮುಚ್ಚಿಹೋಯಿತು. ಬಂದವರೆಲ್ಲ 'ದನಲಕ್ಷ್ಮಿ'ಗೆ ಬಂದೆವೆಂದು ನಕ್ಕರು; ಕೊಟ್ಟಿಗೆ ಎಲ್ಲಿದೆ ಎಂದು ಕೇಳಿದವರೂ ಉಂಟು. ಕನ್ನಡದಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಎಷ್ಟೋ ಕಡೆ ಇಷ್ಟೇ ಅಂತರ: ದ-ಧ, ಪ-ಫ. ಹೊಸ ಅಕ್ಷರವೊಂದನ್ನು ಮೈಬರಹಕ್ಕೆ ಒಪ್ಪಬೇಕೇ ಎಂದು ತೂಗುವಾಗ ನಾನು ಮಾಡುವ ಪರೀಕ್ಷೆ ಅದೊಂದೇ. ದ, ಧ, ಥ, ಢ ನಾಲ್ಕನ್ನೂ ಸಣ್ಣದಾಗಿ ಅಚ್ಚು ತೆಗೆದು ಕೈಯಳತೆ ದೂರದಲ್ಲಿ ಹಿಡಿಯುತ್ತೇನೆ. ಶೀರ್ಷಿಕೆಗೆಂದು ಹುಟ್ಟಿದ ಅಕ್ಷರ ಇಲ್ಲಿ ಸೋಲುತ್ತದೆ. ಅದು ಅದರ ತಪ್ಪಲ್ಲ.

ಲಗ್ನಪತ್ರಿಕೆಯ ಪ್ರೂಫ್ ಮೂರು ದಿನ ಬಿಟ್ಟು ಬಂತು. ಅತ್ತಿಗೆ ಹೆಸರು, ಗೋತ್ರ, ಮುಹೂರ್ತ ನೋಡಿದರು. ನಾನು ಸಾಲುಗಳ ನಡುವಿನ ಸಂದು ನೋಡಿದೆ. 'ಜ್ಯೇಷ್ಠ ಪುತ್ರಿ' ಎಂಬಲ್ಲಿ ಠ-ಒತ್ತು ಇಳಿದುಬಂದು ಕೆಳಗಿನ ಸಾಲಿನ 'ಶ್ರೀಮತಿ'ಯ ನೆತ್ತಿಗೆ ಬಡಿದಿತ್ತು. ಇಂಗ್ಲಿಷಿಗೆಂದು ಇಟ್ಟ ಅಂತರವನ್ನೇ ಕನ್ನಡಕ್ಕೂ ಬಿಟ್ಟಿದ್ದರು. ಹುಡುಗನಿಗೆ ತೋರಿಸಿದೆ. "ಎರಡು ಪಾಯಿಂಟ್ ಬಿಡ್ಲಾ ಸರ್?" ಎಂದ. ಮೂರು ಬಿಡು ಎಂದೆ. ಸಾಲು ಕೆಳಗೆ ಸರಿಯಿತು. ಒಂದು ಸಾಲು ಕಾರ್ಡಿನಿಂದಾಚೆ ಹೋಯಿತು. ಅತ್ತಿಗೆ ಪೆನ್ನು ತೆಗೆದುಕೊಂಡು 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ಯಾರನ್ನು ಬಿಡಬಹುದೆಂದು ಹುಡುಕತೊಡಗಿದರು.